ಟ್ರಿಪ್ ಶೀಟ್ ಬರೆಯುವವರೂ ಬಂದು ಕೂರಲಿ

ಬೆಂಗಳೂರಿನ ಒಂದು ಕಂಪನಿ ತನ್ನ ಕ್ಯಾಬ್ ಚಾಲಕರಿಗೆ ಏರ್ಪಡಿಸಿದ್ದ ಸುರಕ್ಷತಾ ತರಬೇತಿಯಲ್ಲಿ ಒಂದು ಬೆಳಿಗ್ಗೆ ಪೂರ್ತಿ ಕೂತಿದ್ದೆ. ಸುಮಾರು ನಲವತ್ತು ಮಂದಿ. ಮಂಡ್ಯ, ಮಾಗಡಿ, ಕೋಲಾರದ ಕಡೆಯವರೇ ಹೆಚ್ಚು. ಅರ್ಧಕ್ಕರ್ಧ ಜನ ರಾತ್ರಿ ಡ್ಯೂಟಿಯ ಕಡೆಯ ಡ್ರಾಪ್ ಮುಗಿಸಿ ನೇರ ಅಲ್ಲಿಗೇ ಬಂದಿದ್ದರು. ‘ನಿದ್ದೆ ಬಂದರೆ ಗಾಡಿ ನಿಲ್ಲಿಸಿ’ ಎಂಬ ಸಾಲು ಪರದೆಯ ಮೇಲೆ ಬರುವ ಹೊತ್ತಿಗೆ ನನ್ನ ಪಕ್ಕದವರ ಗದ್ದ ಎದೆಗೆ ತಾಗಿತ್ತು. ಕೈಯಲ್ಲಿದ್ದ ಗಾಡಿಯ ಕೀ ಜಾರಿ ಬಿತ್ತು. ಆ ಸದ್ದಿಗೆ ಎಚ್ಚೆತ್ತು, ತಪ್ಪು ಮಾಡಿದವರ ಹಾಗೆ ಸುತ್ತ ನೋಡಿ ಮುಖ ಒರೆಸಿಕೊಂಡರು.

ಪಾಠ ಕೆಟ್ಟದಾಗಿತ್ತು ಎನ್ನಲಾರೆ. ತರಬೇತುದಾರರು ತಾವೇ ವರ್ಷಗಟ್ಟಲೆ ಲಾರಿ ಓಡಿಸಿದವರು, ಎಲ್ಲವನ್ನೂ ಕನ್ನಡದಲ್ಲೇ ಹೇಳಿದರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮೊಬೈಲ್ ಕಡೆ ಎರಡು ಸೆಕೆಂಡ್ ಕಣ್ಣು ಹೊರಳಿಸಿದರೆ ಎಷ್ಟು ದೂರ ಕಣ್ಣು ಮುಚ್ಚಿ ಓಡಿಸಿದಂತಾಯಿತು ಎಂಬುದನ್ನು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹೆಜ್ಜೆ ಹಾಕಿ, ತಿರುಗಿ ಮತ್ತೆ ಹೆಜ್ಜೆ ಹಾಕಿ ತೋರಿಸಿದರು. ನಿದ್ದೆ ತಡೆಯುತ್ತಿದ್ದವರೂ ಆಗ ಬೆನ್ನು ನೆಟ್ಟಗೆ ಮಾಡಿ ಕೂತರು. ಎದುರಿನವನು ತಪ್ಪು ಮಾಡಬಹುದೆಂದು ಮೊದಲೇ ಎಣಿಸಿ ಓಡಿಸುವ ಡಿಫೆನ್ಸಿವ್ ಡ್ರೈವಿಂಗ್ ಪಾಠ ಹೊಸದೇನಲ್ಲ. ಅಮೆರಿಕದ ನ್ಯಾಷನಲ್ ಸೇಫ್ಟಿ ಕೌನ್ಸಿಲ್ 1964ರಷ್ಟು ಹಿಂದೆಯೇ ಅದನ್ನು ಕೋರ್ಸ್ ಮಾಡಿತ್ತು. ನಮ್ಮ ರಸ್ತೆಗಳಿಗೆ ಅದು ಇನ್ನೂ ಹೆಚ್ಚು ಬೇಕು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. “ಸಾರ್, ನಿದ್ದೆ ಬಂತು ಅಂತ ಹದಿನೈದು ನಿಮಿಷ ನಿಲ್ಲಿಸಿದ್ರೆ ಲಾಗಿನ್ ಲೇಟಾಗುತ್ತೆ. ಪೆನಾಲ್ಟಿ ನನ್ನ ಬಿಲ್ಲಲ್ಲೇ ಕಟ್ ಆಗುತ್ತೆ. ಏನ್ ಮಾಡ್ಲಿ?”

“ಅದು ಟ್ರಾನ್ಸ್‌ಪೋರ್ಟ್ ಡೆಸ್ಕ್‌ನವರ ವಿಷಯ ಅಣ್ಣ, ನನ್ನ ಕೈಲಿಲ್ಲ” ಎಂದರು ತರಬೇತುದಾರರು. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ಡೆಸ್ಕ್‌ನವರು ಯಾರೂ ಕೋಣೆಯಲ್ಲಿರಲಿಲ್ಲ. ಕೇಳಿದವರು ಸುಮ್ಮನೆ ಕೂತರು, ಮುಂದಿನ ಸ್ಲೈಡ್ ಬಂತು.

ಈ ತರಬೇತಿಯ ಬಗ್ಗೆ ನನ್ನ ತಕರಾರೆಲ್ಲ ಆ ಒಂದು ಉತ್ತರದಲ್ಲಿದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳನ್ನು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಅತಿವೇಗದ ಲೆಕ್ಕಕ್ಕೆ ಹಾಕಿದೆ. ಅತಿವೇಗ ಎಂದೊಡನೆ ನಮ್ಮ ಬೆರಳು ಚಾಲಕನ ಕಡೆಗೇ ಹೋಗುತ್ತದೆ. ಆದರೆ ಹೊಟ್ಟೆಪಾಡಿಗೆ ಓಡಿಸುವವನ ವೇಗ ಅವನ ಕಾಲಿನಲ್ಲಷ್ಟೇ ಇರುವುದಿಲ್ಲ, ಟ್ರಿಪ್ ಶೀಟಿನಲ್ಲೂ ಇರುತ್ತದೆ. ನಾಲ್ಕು ಪಿಕಪ್ ಮಾಡಿಕೊಂಡು, ಸಿಲ್ಕ್ ಬೋರ್ಡ್ ದಾಟಿ, ಇಷ್ಟೇ ಹೊತ್ತಿಗೆ ಗೇಟಿನೊಳಗೆ ಇರಬೇಕು ಎಂದು ಬರೆದವರು ಯಾರೋ ಇದ್ದಾರಲ್ಲ, ಅವರಿಗೆ ಪಾಠ ಯಾವಾಗ?

ನಮ್ಮ ಕಾನೂನು ಇದನ್ನು ಎಂದೋ ಕಂಡುಕೊಂಡಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಮಿತಿ ಹಾಕಿತ್ತು. 1988ರ ಮೋಟಾರು ವಾಹನ ಕಾಯ್ದೆಯ 183ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ವೇಗಮಿತಿ ಮೀರದೆ ಮುಗಿಸಲಾಗದಂಥ ವೇಳಾಪಟ್ಟಿಯನ್ನು ಯಾರಾದರೂ ಹೊರಡಿಸಿದರೆ, ನ್ಯಾಯಾಲಯಕ್ಕೆ ಹಾಗನ್ನಿಸಿದರೆ, ಆ ಪಟ್ಟಿಯೇ ಅವರ ವಿರುದ್ಧ ಮೇಲ್ನೋಟದ ಸಾಕ್ಷ್ಯ. ಆವತ್ತಿನ ಸ್ಲೈಡುಗಳಲ್ಲಿ ಚಾಲಕ ಕಟ್ಟಬೇಕಾದ ದಂಡಗಳ ಪಟ್ಟಿ ಉದ್ದಕ್ಕೂ ಇತ್ತು. ಈ ಒಂದು ಕಲಮು ಇರಲಿಲ್ಲ. ಚಾಲಕರಿಗೆ ಎಲ್ಲಕ್ಕಿಂತ ಮೊದಲು ತಿಳಿಯಬೇಕಾಗಿದ್ದದ್ದು ಅದು.

ಇಂಥ ತರಗತಿಗಳು ನಿಜಕ್ಕೂ ಅಪಘಾತ ತಗ್ಗಿಸುತ್ತವೆಯೇ? ಲೈಸೆನ್ಸ್ ಪಡೆದ ಮೇಲೆ ಕೊಡುವ ಚಾಲನಾ ಶಿಕ್ಷಣದ ಕುರಿತ ಪ್ರಯೋಗಗಳನ್ನೆಲ್ಲ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೊಂದು 2003ರಲ್ಲಿ ಒಟ್ಟಿಗಿಟ್ಟು ನೋಡಿತು. ಬಹುಪಾಲು ಅಮೆರಿಕದ ಪ್ರಯೋಗಗಳು. ಅಪಘಾತ ತಡೆಯುವಲ್ಲಿ ಆ ಶಿಕ್ಷಣ ಫಲ ಕೊಟ್ಟಿತೆನ್ನಲು ಪುರಾವೆ ಸಿಗಲಿಲ್ಲ. ಹಾಗಾದರೆ ಏನು ಫಲ ಕೊಡುತ್ತದೆ? ಸ್ವೀಡನ್ನಿನ ದೂರವಾಣಿ ಸಂಸ್ಥೆ ಟೆಲಿವರ್ಕೆಟ್‌ನಲ್ಲಿ ಸಂಶೋಧಕರು ಕೆಲಸಕ್ಕಾಗಿ ಗಾಡಿ ಓಡಿಸುವ ನೌಕರರನ್ನು ಗುಂಪು ಮಾಡಿ ನಾಲ್ಕು ದಾರಿ ಪರೀಕ್ಷಿಸಿದರು: ಒಂದು ಗುಂಪಿಗೆ ಚಾಲನಾ ತರಬೇತಿ, ಒಂದಕ್ಕೆ ಪ್ರಚಾರ, ಒಂದಕ್ಕೆ ಅಪಘಾತವಿಲ್ಲದ ಚಾಲನೆಗೆ ಬೋನಸ್, ಇನ್ನೊಂದಕ್ಕೆ ಬರೀ ಚರ್ಚೆ. ತಮ್ಮ ಕೆಲಸದಲ್ಲಿ ಅಪಾಯ ಎಲ್ಲಿದೆ, ಅದಕ್ಕೆ ಏನು ಮಾಡಬಹುದು ಎಂದು ತಾವೇ ಕೂತು ಮಾತಾಡಿಕೊಂಡು ನಿರ್ಧರಿಸುವುದು, ಅಷ್ಟೆ. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಆ ಚರ್ಚೆಯೇ.

ಅದನ್ನು ಓದಿದಾಗ ನನಗೆ ನೆನಪಾದದ್ದು ಆವತ್ತಿನ ಟೀ ವಿರಾಮ. ಕೋಣೆಯಲ್ಲಿ ತುಟಿ ಬಿಚ್ಚದವರೆಲ್ಲ ಹೊರಗೆ ಪೇಪರ್ ಲೋಟ ಹಿಡಿದು ಜೋರಾಗಿ ಮಾತಾಡುತ್ತಿದ್ದರು. ಯಾವ ಅಂಡರ್‌ಪಾಸಿನಲ್ಲಿ ಬೆಳಗಿನ ಜಾವ ಬೈಕುಗಳು ಎದುರುಬದುರು ನುಗ್ಗುತ್ತವೆ, ಯಾವ ಫ್ಲೈಓವರ್ ಇಳಿಯುವಲ್ಲಿ ಕೆಟ್ಟ ಲಾರಿ ದೀಪವಿಲ್ಲದೆ ನಿಂತಿರುತ್ತದೆ, ಡಬಲ್ ಡ್ಯೂಟಿಯ ಎರಡನೇ ದಿನ ಕಣ್ಣು ಎಷ್ಟು ಹೊತ್ತಿಗೆ ಕೈ ಕೊಡುತ್ತದೆ. “ನಾಲ್ಕರಿಂದ ಐದು ಗಂಟೆ ಕಣ್ಲಾ ಅಪಾಯ” ಎಂದರು ನಡುವಯಸ್ಸಿನ ಒಬ್ಬರು, ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ಮೊದಲ ಪಿಕಪ್ಪನ್ನು ಹತ್ತು ನಿಮಿಷ ಹಿಂದಕ್ಕೆ ತರಿಸಿಕೊಂಡ ಮೇಲೆ ತಮ್ಮ ರೂಟಿನಲ್ಲಿ ಓಡಾಟ ಹೇಗೆ ಹಗುರಾಯಿತು ಎಂದು ಮತ್ತೊಬ್ಬರು ಹೇಳಿದರು. ನಾಲ್ಕು ಗಂಟೆಯ ತರಗತಿಗಿಂತ ಆ ಹದಿನೈದು ನಿಮಿಷದಲ್ಲಿ ನಾನು ಹೆಚ್ಚು ಕಲಿತೆ. ಅದನ್ನು ಬರೆದುಕೊಳ್ಳಲು ಕಂಪನಿಯವರು ಯಾರೂ ಅಲ್ಲಿರಲಿಲ್ಲ.

ತರಬೇತಿ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ರಾತ್ರಿ ಓಡಿಸಿದವರನ್ನು ಮೊದಲು ಮಲಗಲು ಬಿಡಿ, ತರಬೇತಿಯ ದಿನಕ್ಕೂ ಡ್ಯೂಟಿಯ ಹಣ ಕೊಡಿ. ಟ್ರಾನ್ಸ್‌ಪೋರ್ಟ್ ಡೆಸ್ಕ್‌ನವರಿಗೂ ಕ್ಯಾಬ್ ಏಜೆನ್ಸಿಯವರಿಗೂ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿ. ಪರದೆಯ ಮೇಲೆ ಹೋದ ವಾರದ ಟ್ರಿಪ್ ಶೀಟ್ ಹಾಕಿ, ಹಿಂದಿನ ಸಾಲಿನ ಆ ಅಣ್ಣನ ಪ್ರಶ್ನೆಯಿಂದಲೇ ತರಗತಿ ಶುರು ಮಾಡಿ.