ಚರಿತ್ರೆಯ ಮೌನವೂ ಕಾದಂಬರಿಯ ನುಡಿಯೂ

ಐರ್ಲೆಂಡಿನಿಂದ ಕೆನಡಾಕ್ಕೆ ವಲಸೆಬಂದ ಗ್ರೇಸ್ ಮಾರ್ಕ್ಸ್ ಎಂಬ ಮನೆಗೆಲಸದ ಹುಡುಗಿ, 1843ರಲ್ಲಿ ತನ್ನ ಯಜಮಾನ ಥಾಮಸ್ ಕಿನ್ನಿಯರನ ಕೊಲೆಯಲ್ಲಿ ಅಪರಾಧಿಯೆನಿಸಿದಳು. ಸಹಸೇವಕ ಮ್ಯಾಕ್‌ಡರ್ಮಟ್ ನೇಣಿಗೇರಿದನು. ಅವಳ ಮರಣದಂಡನೆಯು ಸೆರೆವಾಸಕ್ಕಿಳಿದು, 1872ರಲ್ಲಿ ಕ್ಷಮಾದಾನ ದೊರೆಯಿತು. ಮಾರ್ಗರೆಟ್ ಅಟ್‌ವುಡ್‌ರ 'ಏಲಿಯಸ್ ಗ್ರೇಸ್' (1996) ಕಾದಂಬರಿಗೆ ಇದೇ ವಸ್ತು.

ಇದನ್ನು ಕೇವಲ ಪತ್ತೇದಾರಿ ಕಥೆಯೆಂದು ಬಗೆಯುವುದು ಸಲ್ಲದು. ಗ್ರೇಸಳು ದೋಷಿಯೇ ಎಂಬ ಪ್ರಶ್ನೆಗೆ ಲೇಖಕಿ ನಿಶ್ಚಿತ ಉತ್ತರವೀಯರು. ಸುಸಾನಾ ಮೂಡಿಯವರ 1853ರ ವೃತ್ತಾಂತವನ್ನು ನಂಬಿ 1974ರಲ್ಲಿ ದೂರದರ್ಶನ ನಾಟಕವೊಂದನ್ನು ರಚಿಸಿದ್ದ ಅವರು, ಬಳಿಕ ದಾಖಲೆಗಳನ್ನು ಶೋಧಿಸಿ ಆ ನಂಬಿಕೆಯನ್ನು ತಿದ್ದಿಕೊಂಡರು. ಈ ಪ್ರಾಮಾಣಿಕತೆ ಇತಿಹಾಸಕಾರರಿಗೂ ಮಾದರಿ.

ಆದರೆ ಬಿಡುಗಡೆಯ ತರುವಾಯ ಗ್ರೇಸಳ ಜಾಡು ನ್ಯೂಯಾರ್ಕ್ ಪ್ರಾಂತದಲ್ಲಿ ಮರೆಯಾಗುತ್ತದೆ. ಕಾದಂಬರಿಯು ಅಲ್ಲಿ ಅವಳಿಗೆ ವಿವಾಹವನ್ನೂ ನೆಲೆಯನ್ನೂ ಕಲ್ಪಿಸುತ್ತದೆ. ಈ ಸಾಂತ್ವನವನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಅವಳ ಸ್ಥೈರ್ಯವಿರುವುದು ಸುಖಾಂತದಲ್ಲಲ್ಲ; ಹೊಲಿಗೆ, ಚಾಕರಿ, ಮೌನಗಳಿಂದ ತನ್ನನ್ನು ಕಾಯ್ದುಕೊಂಡಂತೆ ಕಾದಂಬರಿಯೇ ಚಿತ್ರಿಸಿದ ಆ ದೀರ್ಘ ಸೆರೆಯಲ್ಲಿ. ಅಲ್ಲದೆ, ಯಜಮಾನನೊಡನೆ ಹತಳಾದ ನ್ಯಾನ್ಸಿ ಮಾಂಟ್ಗೊಮರಿಯೂ ಅದೇ ಮನೆಯ ಊಳಿಗದವಳು. ಮೊದಲ ಪ್ರಕರಣದಲ್ಲೇ ಮರಣದಂಡನೆ ವಿಧಿಸಿದ್ದರಿಂದ ಅವಳ ಕೊಲೆಯ ವಿಚಾರಣೆ ನಡೆಯಲೇ ಇಲ್ಲ. ಗ್ರೇಸಳ ದನಿಯನ್ನು ಆಲಿಸುವ ವಿದ್ಯಾರ್ಥಿಗಳು ಆ ಮೌನವನ್ನೂ ಮರೆಯಬಾರದೆಂದು ನಮ್ಮ ಅಭಿಮತ.