ಮನೆಯ ಕ್ಯಾಲೆಂಡರ್‌ಗೆ ಮನೆಯದೇ ಸರ್ವರ್

ಒಂದು ಕುಟುಂಬದ ಬಳಿ ಇರುವ ಡಿಜಿಟಲ್ ಮಾಹಿತಿಯಲ್ಲಿ ಗಾತ್ರಕ್ಕೆ ಅತಿ ಚಿಕ್ಕದು, ಬಳಕೆಗೆ ಅತಿ ಹತ್ತಿರದ್ದು ಎಂದರೆ ಅದರ ಕ್ಯಾಲೆಂಡರ್ ಮತ್ತು ದೂರವಾಣಿ ಸಂಖ್ಯೆಗಳ ಪಟ್ಟಿ. ಭಾವಚಿತ್ರಗಳಿಲ್ಲದ ಸಾವಿರ ಹೆಸರುಗಳ ಪಟ್ಟಿಯು ವಿಳಾಸ, ಜನ್ಮದಿನಗಳನ್ನು ಒಳಗೊಂಡರೂ ಈಗಿನ ಮೊಬೈಲ್ ಕ್ಯಾಮೆರಾ ತೆಗೆಯುವ ಒಂದೇ ಒಂದು ಚಿತ್ರದಷ್ಟು ಜಾಗವನ್ನು ಬೇಡುವುದಿಲ್ಲ. ಆದರೆ ಯಾವ ವೈದ್ಯರನ್ನು ಎಂದು ಕಾಣಬೇಕು, ಯಾರ ಶ್ರಾದ್ಧ ಯಾವ ತಿಥಿಗೆ ಬರುತ್ತದೆ, ಕೊಳವೆಬಾವಿಯ ಮೋಟರ್ ಕೆಟ್ಟರೆ ಯಾರನ್ನು ಕರೆಯಬೇಕು ಎಂಬಂಥ ಮನೆವಾರ್ತೆಯೆಲ್ಲ ಅದರೊಳಗಿರುತ್ತದೆ. ಸ್ಥಿರ ದೂರವಾಣಿಯ ಕಾಲದಲ್ಲಿ ಈ ಎರಡೂ ಮನೆಯ ಸೊತ್ತಾಗಿದ್ದವು. ಹಾಲಿನ ಲೆಕ್ಕವನ್ನೂ ಗ್ಯಾಸ್ ಸಿಲಿಂಡರ್ ಬಂದ ದಿನವನ್ನೂ ಅಂಕಿಗಳ ಪಕ್ಕದಲ್ಲಿ ಬರೆದಿಡುತ್ತಿದ್ದ ಗೋಡೆಯ ಕ್ಯಾಲೆಂಡರ್ ಮನೆಮಂದಿಗೆಲ್ಲ ಸೇರಿದ್ದಾಗಿತ್ತು, ಫೋನಿನ ಬದಿಯ ಡೈರಿಯೂ ಹಾಗೆಯೇ ಇತ್ತು.

ಮೊಬೈಲ್ ಬಂದ ಮೇಲೆ ಈ ಒಡೆತನ ಸದ್ದಿಲ್ಲದೆ ಬದಲಾಯಿತು. ಸಂಖ್ಯೆಗಳೂ ದಿನಾಂಕಗಳೂ ಒಬ್ಬೊಬ್ಬ ವ್ಯಕ್ತಿಯ ಹೆಸರಿನ ಖಾತೆಗೆ ಸೇರಿದವು. ಗಂಡನ ಫೋನಿನಲ್ಲಿರುವ ಪುರೋಹಿತರ ಸಂಖ್ಯೆ ಹೆಂಡತಿಯ ಫೋನಿನಲ್ಲಿಲ್ಲ, ತಾಯಿಗೆ ಗೊತ್ತಿರುವ ಬಡಗಿಯ ಸಂಖ್ಯೆ ಮಕ್ಕಳಿಗೆ ಗೊತ್ತಿಲ್ಲ, ಖಾತೆದಾರರು ತೀರಿಕೊಂಡರೆ ಅಥವಾ ಪಾಸ್‌ವರ್ಡ್ ಮರೆತರೆ ಆ ಮನೆಯ ಅರ್ಧ ನೆನಪಿಗೇ ಬೀಗ ಬೀಳುತ್ತದೆ. ಮನೆಯಲ್ಲೇ ಒಂದು ಪುಟ್ಟ ಸರ್ವರ್ ಇಟ್ಟು ಕ್ಯಾಲೆಂಡರ್ ಮತ್ತು ಸಂಪರ್ಕಗಳನ್ನು ಎಲ್ಲರ ಫೋನುಗಳಲ್ಲೂ ಒಂದೇ ರೂಪದಲ್ಲಿ ಇರಿಸುವ, ಅಂದರೆ ಸಿಂಕ್ ಮಾಡುವ, ಹವ್ಯಾಸದ ನಿಜವಾದ ಬೆಲೆ ಇಲ್ಲಿದೆ. ಖಾಸಗಿತನದ ಮಾತು ಅದರ ನಂತರದ್ದು, ಆದರೂ ಸಣ್ಣದಲ್ಲ, ಏಕೆಂದರೆ ಸಂಪರ್ಕಗಳ ಪಟ್ಟಿಯಲ್ಲಿರುವ ಸಂಖ್ಯೆಗಳೆಲ್ಲ ಬೇರೆಯವರವು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವ್ಯಕ್ತಿಯೊಬ್ಬ ಸ್ವಂತದ ಅಥವಾ ಮನೆಯ ಉದ್ದೇಶಕ್ಕೆ ಇಟ್ಟುಕೊಂಡ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗಾಗಿ ಪರರ ಸಂಖ್ಯೆಯನ್ನು ಎಲ್ಲಿಡಬೇಕೆಂಬುದು ಆ ಮನೆಯವರ ವಿವೇಕಕ್ಕೇ ಬಿಟ್ಟ ಸಂಗತಿಯಾಗಿದೆ.

ಸರ್ವರ್ ಎಂದರೆ ಸದಾ ಎಚ್ಚರವಾಗಿದ್ದು, ಬೇರೆ ಯಂತ್ರಗಳು ಕೇಳಿದ್ದನ್ನು ಒದಗಿಸುವ ಕಂಪ್ಯೂಟರ್ ಎಂದಷ್ಟೇ ಇಲ್ಲಿ ಅರ್ಥ. ಅದು ಯಾವ ಭಾಷೆಯಲ್ಲಿ ಮಾತನಾಡುತ್ತದೆ ಎಂಬುದು ಹೆಚ್ಚು ಮುಖ್ಯ. 1990ರ ದಶಕದ ಮಧ್ಯದಲ್ಲಿ ಆ್ಯಪಲ್, ಎಟಿ ಆ್ಯಂಡ್ ಟಿ, ಐಬಿಎಂ, ಸೀಮೆನ್ಸ್ ಸಂಸ್ಥೆಗಳು ಸೇರಿದ್ದ ವರ್ಸಿಟ್ ಎಂಬ ಒಕ್ಕೂಟವು ವ್ಯಕ್ತಿಯ ಹೆಸರು, ಸಂಖ್ಯೆ, ವಿಳಾಸಗಳನ್ನು ಬರಿಯ ಪಠ್ಯದಲ್ಲಿ ಬರೆದಿಡುವ ವಿಕಾರ್ಡ್ ಎಂಬ ಕ್ರಮವನ್ನೂ ದಿನಚರಿಗಾಗಿ ವಿಕ್ಯಾಲೆಂಡರ್ ಎಂಬ ಕ್ರಮವನ್ನೂ ರೂಪಿಸಿತು. ಅಂತರಜಾಲದ ತಾಂತ್ರಿಕ ಶಿಷ್ಟತೆಗಳನ್ನು ಆರ್‌ಎಫ್‌ಸಿ ಎಂಬ ಕ್ರಮಸಂಖ್ಯೆಯ ದಾಖಲೆಗಳಾಗಿ ಹೊರತರುವ ಐಇಟಿಎಫ್ ಸಂಸ್ಥೆಯು 1998ರಲ್ಲಿ ಎರಡನ್ನೂ ತನ್ನದಾಗಿಸಿಕೊಂಡಿತು. ವಿಕ್ಯಾಲೆಂಡರ್ ಅಲ್ಲಿ ಐಕ್ಯಾಲೆಂಡರ್ ಎಂಬ ಹೆಸರು ಪಡೆದು, 2009ರಲ್ಲಿ ಆರ್‌ಎಫ್‌ಸಿ 5545 ಆಗಿ ಪರಿಷ್ಕೃತವಾಯಿತು. ಈ ಪಠ್ಯಗಳನ್ನು ಸರ್ವರಿನಲ್ಲಿ ಇಡುವ ಮತ್ತು ತರುವ ನಿಯಮಾವಳಿಗಳಲ್ಲಿ ಕ್ಯಾಲೆಂಡರ್‌ಗೆ ಸಂಬಂಧಿಸಿದ ಕ್ಯಾಲ್‌ಡ್ಯಾವ್ 2007ರಲ್ಲಿಯೂ ಸಂಪರ್ಕಗಳಿಗೆ ಸಂಬಂಧಿಸಿದ ಕಾರ್ಡ್‌ಡ್ಯಾವ್ 2011ರಲ್ಲಿಯೂ ಪ್ರಕಟವಾದವು. ಎರಡರಲ್ಲೂ ಸೈರಸ್ ಡಾಬೂ ಅವರ ಹೆಸರಿದೆ. ಮನೆಯ ಸರ್ವರ್ ನಡೆಸುವವರು ಅರಿಯದೆಯೇ ಋಣಿಗಳಾಗಿರುವ ವ್ಯಕ್ತಿಗಳಲ್ಲಿ ಅವರು ಒಬ್ಬರು.

ಈ ವ್ಯವಸ್ಥೆ ಕೆಲಸ ಮಾಡುವ ಬಗೆಯಲ್ಲಿ ಒಂದು ಸೊಗಸಿದೆ. ಕ್ಯಾಲೆಂಡರ್ ಎಂದರೆ ಸರ್ವರಿನಲ್ಲಿರುವ ಒಂದು ಸಂಗ್ರಹ, ಅದರಲ್ಲಿ ಒಂದೊಂದು ಕಾರ್ಯಕ್ರಮವೂ ಒಂದೊಂದು ಸಣ್ಣ ಪಠ್ಯ, ಪ್ರತಿ ಪಠ್ಯಕ್ಕೂ ಎಂದೂ ಬದಲಾಗದ ಒಂದು ಗುರುತು ಸಂಖ್ಯೆ ಇರುತ್ತದೆ. ಪಠ್ಯದಲ್ಲಿ ಒಂದಕ್ಷರ ಬದಲಾದರೂ ಸರ್ವರ್ ಅದಕ್ಕೆ ಈಟ್ಯಾಗ್ ಎಂಬ ಹೊಸ ಮುದ್ರೆ ಒತ್ತುತ್ತದೆ. ಫೋನು ತಾನು ತಿದ್ದಿದ ಪಠ್ಯವನ್ನು ಕಳುಹಿಸುವಾಗ ಹಿಂದೆ ತಾನು ಕಂಡಿದ್ದ ಮುದ್ರೆಯನ್ನೂ ಜೊತೆಗೆ ಹೇಳುತ್ತದೆ. ಅಷ್ಟರಲ್ಲಿ ಮನೆಯ ಇನ್ನೊಬ್ಬರು ಅದೇ ಕಾರ್ಯಕ್ರಮವನ್ನು ತಿದ್ದಿದ್ದರೆ ಮುದ್ರೆಗಳು ಹೊಂದದೆ ಸರ್ವರ್ ಆ ತಿದ್ದುಪಡಿಯನ್ನು ಒಪ್ಪುವುದಿಲ್ಲ, ಫೋನು ಮೊದಲು ಹೊಸ ಪ್ರತಿಯನ್ನು ಪಡೆದುಕೊಳ್ಳಬೇಕಾಗುತ್ತದೆ. ಒಬ್ಬರ ಬರಹವನ್ನು ಇನ್ನೊಬ್ಬರ ಬರಹ ಅರಿವಿಲ್ಲದೆ ಅಳಿಸಿಬಿಡುವ ಅಪಾಯ ಹೀಗೆ ತಪ್ಪುತ್ತದೆ. 2012ರಲ್ಲಿ ಬಂದ ಆರ್‌ಎಫ್‌ಸಿ 6578 ಇದಕ್ಕೆ ಸಿಂಕ್ ಟೋಕನ್ ಎಂಬ ಇನ್ನೊಂದು ಅನುಕೂಲ ಸೇರಿಸಿತು: ಹಿಂದಿನ ಭೇಟಿಯಲ್ಲಿ ಪಡೆದ ಚೀಟಿಯನ್ನು ಫೋನು ತೋರಿಸಿದರೆ, ಅಲ್ಲಿಂದೀಚೆಗೆ ಬದಲಾದದ್ದನ್ನು, ಅಳಿದದ್ದನ್ನು ಮಾತ್ರ ಸರ್ವರ್ ಹೇಳುತ್ತದೆ.

ಫೋನಿನಲ್ಲಿ ಒಂದು ಪ್ರತಿ ಸದಾ ಇರುವುದರಿಂದ ಈ ಸರ್ವರನ್ನು ಇಡೀ ಅಂತರಜಾಲಕ್ಕೆ ತೆರೆದಿಡಬೇಕಾದ ಅಗತ್ಯವೇ ಇಲ್ಲ. ಮನೆಯಿಂದ ಹೊರಗಿದ್ದಾಗ ಬರೆದದ್ದು ಫೋನಿನಲ್ಲೇ ಕಾದಿದ್ದು, ಸಂಜೆ ಮನೆಯ ವೈಫೈ ವ್ಯಾಪ್ತಿಗೆ ಬಂದ ಮೇಲೆ ಸರ್ವರಿಗೆ ಸೇರುತ್ತದೆ; ಜ್ಞಾಪನೆಯ ಗಂಟೆ ಬಾರಿಸುವುದೂ ಫೋನೇ ಆದ್ದರಿಂದ ಸರ್ವರ್ ಆ ಹೊತ್ತಿಗೆ ನಿಂತಿದ್ದರೂ ವೈದ್ಯರ ಭೇಟಿ ತಪ್ಪುವುದಿಲ್ಲ. ಭಾರತದ ಅನೇಕ ಇಂಟರ್ನೆಟ್ ಸೇವಾದಾರರು ಹಲವಾರು ಮನೆಗಳಿಗೆ ಒಂದೇ ಹೊರವಿಳಾಸವನ್ನು ಹಂಚುತ್ತಾರೆ, ಆದ್ದರಿಂದ ಹೊರಗಿನಿಂದ ನೇರವಾಗಿ ಮನೆಯ ಯಂತ್ರವನ್ನು ತಲುಪುವುದು ಹೇಗೂ ಕಷ್ಟ. ಕ್ಯಾಲೆಂಡರ್‌ನ ಮಟ್ಟಿಗೆ ಇದನ್ನು ಕೊರತೆ ಎನ್ನುವುದಕ್ಕಿಂತ ಕಾವಲು ಎನ್ನುವುದು ಸರಿ. ದೂರದೂರಿನಲ್ಲಿರುವ ಮಕ್ಕಳಿಗೂ ಪ್ರವೇಶ ಬೇಕೆನ್ನುವವರು ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗವನ್ನು ಆಶ್ರಯಿಸಬಹುದು. 2020ರಲ್ಲಿ ಲಿನಕ್ಸ್‌ನ ತಿರುಳಿಗೇ ಸೇರಿಕೊಂಡ ಈ ಸಾಧನವನ್ನು ನೇರ ವಿಳಾಸ ಸಿಗದ ಮನೆಗಳಲ್ಲಿ ಹೊರಗಿನ ಒಂದು ಸಣ್ಣ ಬಾಡಿಗೆ ಯಂತ್ರದ ಮೂಲಕ ಹಾಯಿಸಬೇಕಾಗುತ್ತದೆ.

ತಂತ್ರಾಂಶದ ಆಯ್ಕೆಯಲ್ಲಿ ಮೂರು ಹೆಸರುಗಳು ಗಮನಾರ್ಹ. 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದ ನೆಕ್ಸ್ಟ್‌ಕ್ಲೌಡ್ ಕಡತಗಳು, ಚಿತ್ರಗಳು, ಮಾತುಕತೆ ಎಲ್ಲವನ್ನೂ ನಿಭಾಯಿಸುತ್ತದೆ. ಕ್ಯಾಲೆಂಡರ್ ಮತ್ತು ಸಂಖ್ಯೆಗಳಿಗಷ್ಟೇ ಅದನ್ನು ಸ್ಥಾಪಿಸುವುದು ಸೇರಕ್ಕಿ ಇಡಲು ಗೋದಾಮು ಕಟ್ಟಿದಂತೆ. ಪಿಎಚ್‌ಪಿ ಭಾಷೆಯಲ್ಲಿರುವ ಬೈಕಲ್ ಹಗುರವಾದದ್ದು, ಮಾಹಿತಿಯನ್ನು ದತ್ತಸಂಚಯದಲ್ಲಿ ಇಡುತ್ತದೆ, ಬ್ರೌಸರಿನಲ್ಲೇ ಬಳಕೆದಾರರನ್ನು ಸೇರಿಸಲು ಅನುವು ಮಾಡಿಕೊಡುತ್ತದೆ. ಪೈಥಾನ್ ಭಾಷೆಯ ರಾಡಿಕೇಲ್ ಇನ್ನೂ ಸರಳ: ಅದಕ್ಕೆ ದತ್ತಸಂಚಯವೇ ಬೇಡ, ಪ್ರತಿ ಸಂಗ್ರಹವೂ ಒಂದು ಫೋಲ್ಡರ್, ಪ್ರತಿ ಕಾರ್ಯಕ್ರಮವೂ ಒಂದು ಐಸಿಎಸ್ ಕಡತ, ಪ್ರತಿ ಹೆಸರೂ ಒಂದು ವಿಸಿಎಫ್ ಕಡತ. ಮನೆಯ ಮಟ್ಟಿಗೆ ರಾಡಿಕೇಲ್‌ನ ಈ ಗುಣವೇ ನಿರ್ಣಾಯಕವಾದದ್ದು, ಏಕೆಂದರೆ ಹತ್ತು ವರ್ಷಗಳ ನಂತರ ತಂತ್ರಾಂಶ ಅಳಿದುಹೋದರೂ ಆ ಫೋಲ್ಡರನ್ನು ಸಾಮಾನ್ಯ ಪಠ್ಯ ಸಂಪಾದಕದಲ್ಲಿ ತೆರೆದು ಯಾರು ಬೇಕಾದರೂ ಓದಬಹುದು. ಸ್ಥಾಪಿಸಿದ ಕೂಡಲೇ ಅದು ತಾನಿರುವ ಯಂತ್ರದ ಮಾತನ್ನು ಮಾತ್ರ ಕೇಳುತ್ತದೆ; ಮನೆಯ ಇತರ ಸಾಧನಗಳಿಗೆ 5232ನೇ ದ್ವಾರವನ್ನು ತೆರೆಯುವುದು, ಪಾಸ್‌ವರ್ಡ್‌ಗಳ ಕಡತ ಮಾಡುವುದು, ರೂಟರಿನಲ್ಲಿ ಆ ಯಂತ್ರಕ್ಕೆ ಸ್ಥಿರ ವಿಳಾಸ ಕೊಡುವುದು ಇವೆಲ್ಲ ಒಂದು ಮಧ್ಯಾಹ್ನದ ಕೆಲಸ. ಐಫೋನಿನಲ್ಲಿ ಎರಡೂ ನಿಯಮಾವಳಿಗಳಿಗೆ ಆಧಾರ ಮೊದಲೇ ಇದೆ, ಆಂಡ್ರಾಯ್ಡ್‌ಗೆ ಡ್ಯಾವ್‌ಎಕ್ಸ್5 ಎಂಬ ಮುಕ್ತ ಆ್ಯಪ್ ಬೇಕಾಗುತ್ತದೆ, ಮತ್ತು ಮನೆಯ ವೈಫೈನಲ್ಲಿದ್ದಾಗ ಮಾತ್ರ ಸಿಂಕ್ ಮಾಡು ಎಂದು ಅದಕ್ಕೆ ಹೇಳಲೂ ಬರುತ್ತದೆ. ಪ್ರತಿಯೊಬ್ಬರ ಸ್ವಂತ ಖಾತೆಯ ಜೊತೆಗೆ ‘ಮನೆ’ ಎಂಬ ಹೆಸರಿನ ಇನ್ನೊಂದು ಬಳಕೆದಾರ ಖಾತೆಯನ್ನು ತೆರೆದು ಅದನ್ನು ಎಲ್ಲ ಫೋನುಗಳಿಗೂ ಸೇರಿಸುವುದು ಅತ್ಯುತ್ತಮ ಪದ್ಧತಿ. ಬಡಗಿ, ವೈದ್ಯರು, ಪುರೋಹಿತರು, ನೆಂಟರು ಆ ಖಾತೆಯಲ್ಲಿದ್ದರೆ ಹಳೆಯ ಡೈರಿ ಮತ್ತೆ ಮನೆಯದಾಗುತ್ತದೆ.

ಯಂತ್ರದ ವಿಷಯ ಸುಲಭದ್ದು. ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಕಂಪ್ಯೂಟರ್ ಬಿಡುವಾಗಿದ್ದಾಗ ಸುಮಾರು ಮೂರು ವಾಟ್ ಬಳಸುತ್ತದೆ, ಅಂದರೆ ತಿಂಗಳಿಗೆ ಎರಡು ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ತು. ಕರೆಂಟು ಹೋಗುವ ಊರುಗಳಲ್ಲಿ ಎಚ್ಚರ ಬೇಕಾದದ್ದು ಎಸ್‌ಡಿ ಕಾರ್ಡಿನ ಬಗ್ಗೆ: ಬರೆಯುತ್ತಿರುವ ಕ್ಷಣದಲ್ಲಿ ವಿದ್ಯುತ್ತು ಕಡಿದರೆ ಅದು ಕೆಡಬಹುದಾದ್ದರಿಂದ ಯಂತ್ರವನ್ನು ಮನೆಯ ಯುಪಿಎಸ್‌ಗೆ ಜೋಡಿಸಿ, ಸಂಗ್ರಹವನ್ನು ಎಸ್‌ಎಸ್‌ಡಿಯಲ್ಲಿ ಇಡುವುದು ಒಳ್ಳೆಯದು. ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆಯೆಂದರೆ ಸಿಂಕ್ ಅನ್ನೇ ಬ್ಯಾಕಪ್ ಎಂದು ಭಾವಿಸುವುದು. ಒಬ್ಬರ ಫೋನಿನಲ್ಲಿ ಅಚಾತುರ್ಯದಿಂದ ಅಳಿಸಿದ ಹೆಸರು ಎಲ್ಲರ ಫೋನುಗಳಿಂದಲೂ ಅಷ್ಟೇ ನಿಷ್ಠೆಯಿಂದ ಅಳಿಯುತ್ತದೆ. ಪ್ರತಿ ಬದಲಾವಣೆಯನ್ನೂ ಗಿಟ್ ಎಂಬ ಆವೃತ್ತಿ ದಾಖಲೆಯಲ್ಲಿ ಬರೆದಿಡುವಂತೆ ರಾಡಿಕೇಲ್‌ಗೆ ಹೇಳಬಹುದು. ಹಾಗೆ ಮಾಡಿದರೆ ಮೂರು ತಿಂಗಳ ಹಿಂದೆ ಅಳಿದ ಸಂಖ್ಯೆಯನ್ನೂ ಮರಳಿ ತರಬಹುದು. ಆ ದಾಖಲೆಯ ಒಂದು ಪ್ರತಿ ಬೇರೆ ಮನೆಯಲ್ಲಿಯೂ ಇರಬೇಕು.

ಕನ್ನಡದ ಮನೆಗಳಲ್ಲಿ ಈ ಶಿಷ್ಟತೆಗಳು ಎಡವುವ ಎರಡು ಕಡೆಗಳಿವೆ, ಮತ್ತು ಹವ್ಯಾಸಿಯ ಪರಿಣತಿ ತಿಳಿಯುವುದು ಅಲ್ಲಿಯೇ. ಮೊದಲನೆಯದು ಹೆಸರು. ವಿಕಾರ್ಡ್ ಹೆಸರನ್ನು ಕುಲನಾಮ, ಕೊಟ್ಟ ಹೆಸರು, ನಡುಹೆಸರುಗಳು, ಮುನ್ನುಡಿಗಳು, ಹಿನ್ನುಡಿಗಳು ಎಂದು ಐದು ಖಾನೆಗಳಾಗಿ ಒಡೆಯುತ್ತದೆ. ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಇನಿಷಿಯಲ್‌ಗಳಾಗಿ ಮುಂದಿಟ್ಟುಕೊಳ್ಳುವ ಕನ್ನಡಿಗರ ಹೆಸರಿನಲ್ಲಿ ಕುಲನಾಮವೇ ಇಲ್ಲದಿರುವುದು ಸಾಮಾನ್ಯ. ಆ್ಯಪ್‌ಗಳು ಊಹೆಯ ಮೇಲೆ ಖಾನೆ ತುಂಬಿದಾಗ ಊರು ಕುಲನಾಮವಾಗುತ್ತದೆ, ಅಕಾರಾದಿಯಲ್ಲಿ ಜನ ಚದುರಿಹೋಗುತ್ತಾರೆ. ಪೂರ್ಣ ಹೆಸರನ್ನು ಇದ್ದಂತೆಯೇ ತೋರಿಸುವ ಎಫ್‌ಎನ್ ಎಂಬ ಇನ್ನೊಂದು ಸಾಲು ಕಡ್ಡಾಯವಾಗಿದ್ದು, 2011ರ ನಾಲ್ಕನೆಯ ಆವೃತ್ತಿಯು ಐದು ಖಾನೆಗಳ ಸಾಲನ್ನು ಐಚ್ಛಿಕವಾಗಿಸಿದ್ದು ಕನ್ನಡಕ್ಕೆ ಒದಗಿದ ನಿಜವಾದ ಉಪಕಾರ.

ಹೆಸರು ಬರೆಯುವ ಲಿಪಿಯ ತೊಡಕು ಇನ್ನಷ್ಟು ಒಳಗಿನದು. ವಿಕಾರ್ಡಿನ ಒಂದು ಸಾಲು 75 ಬೈಟ್‌ಗಳನ್ನು ಮೀರಿದರೆ ಅದನ್ನು ಮಡಚಿ ಮುಂದಿನ ಸಾಲಿಗೆ ಒಯ್ಯಬೇಕೆಂಬ ಸಲಹೆಯಿದೆ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ‘ಶ್ರೀ’ ಎಂಬ ಒಂದೇ ಅಕ್ಷರವು ನಾಲ್ಕು ಸಂಕೇತಗಳಿಂದಾಗಿ 12 ಬೈಟ್ ಹಿಡಿಯುತ್ತದೆ, ಆದ್ದರಿಂದ ಕನ್ನಡದ ವಿಳಾಸ ಬೇಗನೆ ಮಡಚಿಕೊಳ್ಳುತ್ತದೆ. ಬಹುಬೈಟ್ ಸಂಕೇತವನ್ನು ನಡುವೆ ಕಡಿಯಕೂಡದೆಂದು ನಾಲ್ಕನೆಯ ಆವೃತ್ತಿ ಸ್ಪಷ್ಟವಾಗಿ ವಿಧಿಸುತ್ತದೆ. ಅದನ್ನು ಪಾಲಿಸದ ತಂತ್ರಾಂಶದಿಂದ ಬಂದ ಪಟ್ಟಿಯಲ್ಲಿ ಅಕ್ಷರಗಳು ಮುರಿದಿರಬಹುದು. ಹಳೆಯ ಫೋನುಗಳು ಹೊರಕೊಟ್ಟ 2.1ನೇ ಆವೃತ್ತಿಯ ಪಟ್ಟಿಗಳಲ್ಲಂತೂ ಕನ್ನಡ ಹೆಸರುಗಳು ಸಮ ಚಿಹ್ನೆ, ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳ ಸರಮಾಲೆಯಾಗಿ ಕಾಣುತ್ತವೆ. ಅದು ಹಾಳಾದ ಪಠ್ಯವಲ್ಲ, ಸಂಕೇತೀಕರಣದ ಒಂದು ಹಳೆಯ ಬಗೆ. ಸರ್ವರಿಗೆ ತುಂಬುವ ಮುನ್ನ ಬಿಡಿಸಿಕೊಂಡರೆ ಹೆಸರುಗಳು ಇಡಿಯಾಗಿ ಮರಳುತ್ತವೆ.

ಎರಡನೆಯದು ತಿಥಿ. ‘ಪ್ರತಿ ಸೋಮವಾರ’, ‘ಪ್ರತಿ ವರ್ಷ ನವೆಂಬರ್ 1’ ಎಂಬಂಥ ಪುನರಾವರ್ತನೆಗಳನ್ನು ಐಕ್ಯಾಲೆಂಡರ್ ಒಂದೇ ಸಾಲಿನ ಸೂತ್ರದಲ್ಲಿ ಹಿಡಿದಿಡುತ್ತದೆ. ಆದರೆ 2024ರಲ್ಲಿ ಏಪ್ರಿಲ್ 9ಕ್ಕೂ 2025ರಲ್ಲಿ ಮಾರ್ಚ್ 30ಕ್ಕೂ 2026ರಲ್ಲಿ ಮಾರ್ಚ್ 19ಕ್ಕೂ ಬರುವ ಯುಗಾದಿ ಆ ಸೂತ್ರಕ್ಕೆ ಒಗ್ಗುವುದಿಲ್ಲ. ಗ್ರೆಗೋರಿಯನ್ ಅಲ್ಲದ ಕಾಲಗಣನೆಗಳಿಗಾಗಿ 2015ರಲ್ಲಿ ಬಂದ ಆರ್‌ಎಫ್‌ಸಿ 7529 ಚೀನೀ, ಯಹೂದಿ ಕ್ಯಾಲೆಂಡರ್‌ಗಳ ಅಧಿಕಮಾಸವನ್ನೂ ನಿಭಾಯಿಸುತ್ತದೆ, ಆದರೆ ಅದು ಎಣಿಸುವುದು ದಿನಗಳನ್ನು. ತಿಥಿಯಾದರೋ ಸೂರ್ಯ ಚಂದ್ರರ ನಡುವಣ ಅಂತರ ಹನ್ನೆರಡು ಡಿಗ್ರಿ ಬೆಳೆಯಲು ಹಿಡಿಯುವ ಕಾಲ. ಅದು ಸುಮಾರು 19ರಿಂದ 26 ಗಂಟೆಗಳವರೆಗೆ ಹಿಗ್ಗಿ ಕುಗ್ಗುತ್ತದೆ, ಒಮ್ಮೊಮ್ಮೆ ಎರಡು ಸೂರ್ಯೋದಯಗಳನ್ನು ಕಾಣುತ್ತದೆ, ಒಮ್ಮೊಮ್ಮೆ ಒಂದನ್ನೂ ಕಾಣದೆ ಕ್ಷಯವಾಗುತ್ತದೆ. ಅದರ ಮೇಲೆ ಆಚರಣೆಗೊಂದು ನಿಯಮ: ಶ್ರಾದ್ಧಕ್ಕೆ ಅಪರಾಹ್ಣದಲ್ಲಿ ಇರುವ ತಿಥಿಯನ್ನು ನೋಡುತ್ತಾರೆ, ಸಂಕಷ್ಟಿಗೆ ಚಂದ್ರೋದಯದ ಹೊತ್ತಿನದನ್ನು. ದೃಗ್ಗಣಿತದ ಪಂಚಾಂಗಕ್ಕೂ ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ಕೆಲವೊಮ್ಮೆ ಒಂದು ದಿನದ ವ್ಯತ್ಯಾಸ ಬರುವುದರಿಂದ ಯಾವುದನ್ನು ಅನುಸರಿಸಬೇಕೆಂಬುದು ಮನೆತನದ ಪರಂಪರೆಗೆ ಬಿಟ್ಟದ್ದು.

ಹಾಗಾಗಿ ಸೂತ್ರವನ್ನು ನಂಬದೆ, ವರ್ಷಕ್ಕೊಮ್ಮೆ ಹೊಸ ಪಂಚಾಂಗ ಮನೆಗೆ ಬಂದಾಗ, ಅದು ಒಂಟಿಕೊಪ್ಪಲ್ಲಿನದಿರಲಿ, ಮಠದ್ದಿರಲಿ, ಆ ಸಂವತ್ಸರದ ಶ್ರಾದ್ಧ, ವ್ರತ, ಹಬ್ಬಗಳ ದಿನಾಂಕಗಳನ್ನು ‘ಮನೆ’ ಖಾತೆಯಲ್ಲಿ ಬೇರೆಯೇ ಆದ ‘ಪಂಚಾಂಗ’ ಎಂಬ ಸಂಗ್ರಹಕ್ಕೆ ಕೈಯಾರೆ ತುಂಬುವುದು ಸರಿಯಾದ ಮಾರ್ಗ. ಜ್ಯೇಷ್ಠವು ಅಧಿಕವಾಗಿ ಎರಡು ಬಾರಿ ಬರುವ 2026ರಂಥ ವರ್ಷದಲ್ಲಿ ಯಾವ ಮಾಸದ್ದು ಯಾವ ಕರ್ಮ ಎಂಬುದನ್ನು ಹಿರಿಯರನ್ನು ಕೇಳಿ ಟಿಪ್ಪಣಿಯ ಜಾಗದಲ್ಲಿ ಬರೆದಿಟ್ಟರೆ ಮುಂದಿನ ಅಧಿಕಮಾಸಕ್ಕೆ ಅದೇ ಆಧಾರವಾಗುತ್ತದೆ. ಇಡೀ ದಿನದ ಕಾರ್ಯಕ್ರಮವಾಗಿ ನಮೂದಿಸಿದ್ದಕ್ಕೆ ಐಕ್ಯಾಲೆಂಡರ್ ಯಾವ ಕಾಲವಲಯವನ್ನೂ ಅಂಟಿಸುವುದಿಲ್ಲವಾದ್ದರಿಂದ ಆ ದಿನಾಂಕ ಎಲ್ಲಿ ತೆರೆದರೂ ಅದೇ ಆಗಿ ಉಳಿಯುತ್ತದೆ. ಇದೇ ಅನುಕೂಲ ಕ್ಯಾಲಿಫೋರ್ನಿಯಾದಲ್ಲಿರುವ ಮಗಳಿಗೆ ತೊಡಕೂ ಹೌದು, ಏಕೆಂದರೆ ಅಲ್ಲಿನ ಅಪರಾಹ್ಣಕ್ಕೆ ಅದೇ ತಿಥಿ ಒಂದು ದಿನ ಮೊದಲೇ ಬಂದಿರಬಹುದು. ಅವಳಿಗಾಗಿ ‘ಮನೆ’ ಖಾತೆಯಲ್ಲಿ ಅವಳ ಊರಿನ ಹೆಸರಿನ ಇನ್ನೊಂದು ಸಂಗ್ರಹ ತೆರೆದು, ಅಲ್ಲಿನ ಸೂರ್ಯೋದಯಕ್ಕೆ ಗಣಿಸಿದ ಪಂಚಾಂಗದಿಂದ ದಿನಾಂಕಗಳನ್ನು ಬೇರೆಯಾಗಿಯೇ ತುಂಬಬೇಕಾಗುತ್ತದೆ.