ಊದದೆ ಹೋದ ಸೀಟಿ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡಹೊರಟ ರಸಿಕರಿಗೊಂದು ಕೈಪಿಡಿ

ಹೊಸದಾಗಿ ಬ್ಯಾಸ್ಕೆಟ್‌ಬಾಲ್ ನೋಡುವವರ ಕಣ್ಣು ಚೆಂಡಿನ ಬೆನ್ನು ಬಿಡುವುದಿಲ್ಲ. ತಪ್ಪೇನಿಲ್ಲ, ಮೊದಲ ನಾಲ್ಕೈದು ಪಂದ್ಯಗಳನ್ನು ಹಾಗೆಯೇ ನೋಡಬೇಕು. ಆಮೇಲೊಂದು ದಿನ ಕಣ್ಣನ್ನು ಚೆಂಡಿನಿಂದ ಕಿತ್ತು, ಕಪ್ಪು-ಬಿಳಿ ಪಟ್ಟೆಯ ಅಂಗಿ ತೊಟ್ಟ ಆ ಮೂವರ ಕಡೆ ತಿರುಗಿಸಿ. ಅವರು ಎಲ್ಲಿ ನಿಂತಿದ್ದಾರೆ, ಏನನ್ನು ನೋಡುತ್ತಿದ್ದಾರೆ, ಏನು ಅವರ ಕಣ್ಣಿಗೆ ಬೀಳುತ್ತಿಲ್ಲ ಎಂದು ಗಮನಿಸಿ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ರುಚಿ ನನಗೆ ಹತ್ತಿದ್ದು ಹಾಗೆ. ಅದರಲ್ಲೂ ಊದಬೇಕಿದ್ದ ಸೀಟಿ ಊದದೆ ಹೋದ ಗಳಿಗೆಗಳು ಈ ಆಟದ ಬಗ್ಗೆ ಕಲಿಸುವಷ್ಟನ್ನು ಗೆದ್ದ ಪಂದ್ಯಗಳು ಕಲಿಸುವುದಿಲ್ಲ.

ಪಾಠಕ್ಕೆ ಒಂದು ಪಂದ್ಯ ಸಾಕು. 2017ರ ಮಾರ್ಚ್ 18, ಸಾಲ್ಟ್ ಲೇಕ್ ಸಿಟಿ. ಒಂದು ಕಡೆ ಗೊನ್ಜಾಗ, ಆ ಸೀಸನ್ನಿನಲ್ಲಿ ಅಲ್ಲಿಯವರೆಗೆ ಒಂದೇ ಒಂದು ಪಂದ್ಯ ಸೋತಿದ್ದ ತಂಡ. ಇನ್ನೊಂದು ಕಡೆ ಶಿಕಾಗೋ ಪಕ್ಕದ ಎವನ್‌ಸ್ಟನ್ ಊರಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ.

ನಾರ್ತ್‌ವೆಸ್ಟರ್ನ್ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗುವಂತಿಲ್ಲ. ಈ ಪಂದ್ಯ ನಡೆದದ್ದು ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎಯ ರಾಷ್ಟ್ರೀಯ ಟೂರ್ನಿಯಲ್ಲಿ. ಆ ಟೂರ್ನಿ ಶುರುವಾದದ್ದು 1939ರಲ್ಲಿ. ಆ ಮೊದಲ ಟೂರ್ನಿಯ ಫೈನಲ್ ನಡೆದದ್ದು ಇದೇ ನಾರ್ತ್‌ವೆಸ್ಟರ್ನಿನ ಅಂಗಳದಲ್ಲಿ. ಒರೆಗಾನ್ ತಂಡ ಒಹಾಯೊ ಸ್ಟೇಟನ್ನು 46-33ರಿಂದ ಸೋಲಿಸಿತು. ಚಪ್ಪರ ಹಾಕಿ ಊಟ ಬಡಿಸಿದವರಿಗೆ ಮಾತ್ರ ಆ ಪಂಕ್ತಿಯಲ್ಲಿ ಕೂರುವ ಭಾಗ್ಯ ಬರಲು 78 ವರ್ಷ ಹಿಡಿಯಿತು. 2017ರ ತನಕ ಆ ತಂಡ ಒಮ್ಮೆಯೂ ಟೂರ್ನಿಗೆ ಆಯ್ಕೆಯಾಗಿರಲಿಲ್ಲ.

ಆ ವರ್ಷವೂ ಕೂದಲೆಳೆಯಲ್ಲೇ ದಾಟಿದ್ದು. ಮಾರ್ಚ್ 1ರಂದು ಮಿಶಿಗನ್ ವಿರುದ್ಧ ಸ್ಕೋರು ಸಮ, ಉಳಿದದ್ದು 1.7 ಸೆಕೆಂಡು. ನೇಥನ್ ಟ್ಯಾಪ್‌ಹಾರ್ನ್ ಕೋರ್ಟಿನ ಈ ತುದಿಯಿಂದ ಆ ತುದಿಗೆ ಚೆಂಡೆಸೆದ. ಡೆರೆಕ್ ಪಾರ್ಡನ್ ಅದನ್ನು ಹಿಡಿದು, ಇಳಿದು, ಬೋರ್ಡಿಗೆ ತಾಗಿಸಿ ಬುಟ್ಟಿಗೆ ಹಾಕಿದ. 67-65. ಪಾರ್ಡನ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ. ಟೂರ್ನಿಯ ಮೊದಲ ಸುತ್ತಿನಲ್ಲಿ ವ್ಯಾಂಡರ್‌ಬಿಲ್ಟ್ ಎದುರಾಳಿ. ಕೊನೆಯ ಸೆಕೆಂಡುಗಳಲ್ಲಿ ವ್ಯಾಂಡರ್‌ಬಿಲ್ಟ್ ಒಂದು ಪಾಯಿಂಟ್ ಮುಂದಿತ್ತು. ಅದರ ಆಟಗಾರನೊಬ್ಬ ತಾವು ಹಿಂದಿದ್ದೇವೆಂದು ತಪ್ಪು ತಿಳಿದು ಬೇಕೆಂದೇ ಫೌಲ್ ಮಾಡಿದ. ನಾರ್ತ್‌ವೆಸ್ಟರ್ನಿನ ಬ್ರಯಂಟ್ ಮೆಕಿಂಟಾಷ್ ಎರಡೂ ಫ್ರೀ ಥ್ರೋ ಹಾಕಿದ. ತಂಡ 68-66ರಿಂದ ಗೆದ್ದಿತು. ಅಂದರೆ ಅನ್ಯಾಯಕ್ಕೆ ಒಳಗಾಗುವ ಎರಡು ದಿನ ಮೊದಲು ಇದೇ ತಂಡ ಬೇರೆಯವರ ತಪ್ಪಿನ ಫಲ ಉಂಡಿತ್ತು. ನಾರ್ತ್‌ವೆಸ್ಟರ್ನ್ ಅಭಿಮಾನಿಗಳು ಈ ಭಾಗವನ್ನು ಬೇಗ ಹೇಳಿ ಮುಗಿಸುತ್ತಾರೆ.

ಈಗ ಎರಡನೆಯ ಸುತ್ತಿನ ಆ ಗಳಿಗೆ. ಗೊನ್ಜಾಗ ಒಂದು ಹಂತದಲ್ಲಿ 22 ಪಾಯಿಂಟ್ ಮುಂದಿತ್ತು. ನಾರ್ತ್‌ವೆಸ್ಟರ್ನ್ ಒಂದೊಂದೇ ಮೆಟ್ಟಿಲು ಹತ್ತುತ್ತಾ ಬಂದು ಅಂತರವನ್ನು ಐದಕ್ಕೆ ಇಳಿಸಿತು, 63-58. ಉಳಿದದ್ದು ಸುಮಾರು ಐದು ನಿಮಿಷ. ಪಾರ್ಡನ್ ಬುಟ್ಟಿಯ ಬುಡದಲ್ಲಿ ಚೆಂಡು ಹಿಡಿದು ಮೇಲೆತ್ತಿದ. ಗೊನ್ಜಾಗದ ಎತ್ತರದ ಹುಡುಗ ಜ್ಯಾಕ್ ಕಾಲಿನ್ಸ್ ಅದನ್ನು ತಡೆದ. ಆದರೆ ಅವನ ಕೈ ಬಂದದ್ದು ರಿಂಗಿನ ಕೆಳಗಿನಿಂದ, ಬಲೆಯೊಳಗಿಂದ, ರಿಂಗನ್ನು ತೂರಿಕೊಂಡು ಮೇಲಕ್ಕೆ. ಇದು ಗೋಲ್‌ಟೆಂಡಿಂಗ್. ಅಲ್ಲಿ ಸೀಟಿ ಊದಿ ಎರಡು ಪಾಯಿಂಟ್ ಕೊಡಬೇಕು. ಸೀಟಿ ಬರಲಿಲ್ಲ.

ಗೋಲ್‌ಟೆಂಡಿಂಗ್ ನಿಯಮದ ಹಿಂದೊಂದು ಕಥೆಯಿದೆ. 1940ರ ದಶಕದಲ್ಲಿ ಓಕ್ಲಹೋಮ ಎ ಆ್ಯಂಡ್ ಎಂ ತಂಡದ ಬಾಬ್ ಕರ್ಲಂಡ್, ಡಿಪಾಲ್ ತಂಡದ ಜಾರ್ಜ್ ಮೈಕನ್ ಎಂಬ ಇಬ್ಬರು ದೈತ್ಯರು ಬುಟ್ಟಿಯ ಮುಂದೆ ಕಾವಲು ನಿಂತು, ಇನ್ನೇನು ಒಳಬೀಳಬೇಕಿದ್ದ ಚೆಂಡನ್ನು ಮಾವಿನಕಾಯಿ ಕಿತ್ತಂತೆ ಕಿತ್ತು ಹಾಕುತ್ತಿದ್ದರು. ಆಟವೇ ಕೆಡುತ್ತದೆಂದು 1944ರಲ್ಲಿ ಅದನ್ನು ನಿಷೇಧಿಸಿದರು. ಈಗಿನ ನಿಯಮದಲ್ಲಿ ಬುಟ್ಟಿಯತ್ತ ಕೆಳಗಿಳಿಯುತ್ತಿರುವ ಚೆಂಡನ್ನು ಮುಟ್ಟಬಾರದು, ರಿಂಗಿನ ಮೇಲಿನ ಜಾಗದಲ್ಲಿರುವ ಚೆಂಡನ್ನು ಮುಟ್ಟಬಾರದು, ರಿಂಗಿನೊಳಗಿಂದ ಕೈ ತೂರಿಸಬಾರದು. ಮೊದಲಿನ ಎರಡೂ ದಿನನಿತ್ಯ ಕಾಣಸಿಗುವ ತಪ್ಪುಗಳು. ಮೂರನೆಯದು ಬಲು ಅಪರೂಪ. ಕಣ್ಣು ಅದನ್ನು ಹುಡುಕುತ್ತಿರುವುದೇ ಇಲ್ಲ.

ಮೂವರು ರೆಫರಿಗಳಿಗೆ ಅದು ಕಾಣಲಿಲ್ಲವೇ ಎಂದು ನೀವು ಕೇಳುತ್ತೀರಿ. ಇಲ್ಲೇ ಕೈಪಿಡಿಯ ಮುಖ್ಯ ಪಾಠ. ಆ ಮೂವರೂ ಒಂದೇ ಕಡೆ ನೋಡುವುದಿಲ್ಲ. ಒಬ್ಬ ಬುಟ್ಟಿಯ ಹಿಂದಿನ ಗೆರೆಯಲ್ಲಿ, ಒಬ್ಬ ಪಕ್ಕದ ಗೆರೆಯಲ್ಲಿ, ಮತ್ತೊಬ್ಬ ಮಧ್ಯದ ಗೆರೆಗೆ ಹತ್ತಿರ. ಆಟ ಈಚೆಯಿಂದ ಆಚೆಗೆ ಸರಿದಂತೆ ಅವರ ಜಾಗವೂ ಬದಲಾಗುತ್ತದೆ. ಬುಟ್ಟಿಯ ಬುಡದಲ್ಲಿರುವವನು ಎಲ್ಲರಿಗಿಂತ ಹತ್ತಿರ, ಆದರೆ ಅವನು ನೋಡಬೇಕಾದದ್ದು ನೂಕಾಟ, ಮೊಣಕೈ, ಸೊಂಟ. ತಲೆಯೆತ್ತಿ ರಿಂಗನ್ನು ನೋಡಿದರೆ ಕೆಳಗಿನ ಫೌಲ್ ತಪ್ಪಿಹೋಗುತ್ತದೆ. ರಿಂಗಿನ ಮೇಲಿನ ಜವಾಬ್ದಾರಿ ದೂರದ ಇಬ್ಬರದು. ಆ ಇಬ್ಬರಿಗೂ ಬುಟ್ಟಿಗೂ ನಡುವೆ ಆರೇಳು ಅಡಿ ಎತ್ತರದ ಹುಡುಗರ ಕಾಡು. ಸೋಫಾದಲ್ಲಿ ಕೂತು ನಿಧಾನಗತಿಯಲ್ಲಿ ಎರಡು ಸಲ ನೋಡಿದವರಿಗೆ ಎಲ್ಲವೂ ಸ್ಪಷ್ಟ, ನಿಜ. ಆದರೆ ರಸಿಕನಾದವನು ಬೈಯುವ ಮುನ್ನ ಒಮ್ಮೆ ಆ ಜಾಗದಲ್ಲಿ ನಿಂತು ನೋಡಬೇಕು. ಬೈಯಬಾರದೆಂದು ನಾನು ಹೇಳುತ್ತಿಲ್ಲ.

ಆ ತಪ್ಪಿಗಿಂತ ಹೆಚ್ಚು ನೋಡಬೇಕಾದದ್ದು ಅದರ ನಂತರದ ಅರ್ಧ ನಿಮಿಷವನ್ನು. ನಾರ್ತ್‌ವೆಸ್ಟರ್ನ್ ಕೋಚ್ ಕ್ರಿಸ್ ಕಾಲಿನ್ಸ್ (ಗೊನ್ಜಾಗದ ಹುಡುಗನಿಗೆ ಸಂಬಂಧಿಯಲ್ಲ, ಹೆಸರು ಒಂದೇ) ತಡೆಯಲಾರದೆ ಕೋರ್ಟಿನೊಳಕ್ಕೇ ನುಗ್ಗಿದರು. ಆ ಸೀಟಿ ಮಾತ್ರ ತಕ್ಷಣ ಬಂತು, ಟೆಕ್ನಿಕಲ್ ಫೌಲ್. ಗೊನ್ಜಾಗಕ್ಕೆ ಎರಡು ಫ್ರೀ ಥ್ರೋ, ಎರಡೂ ಒಳಗೆ. 63-60 ಆಗಬೇಕಿದ್ದದ್ದು 65-58 ಆಯಿತು. ಪಂದ್ಯ ಮುಗಿದಾಗ 79-73.

ಹೊಸಬರು ಇಲ್ಲಿ ಒಂದು ಲೆಕ್ಕ ಹಾಕುತ್ತಾರೆ. ನಷ್ಟವಾದದ್ದು ನಾಲ್ಕು ಪಾಯಿಂಟ್, ಸೋತದ್ದು ಆರರಿಂದ, ಹಾಗಾಗಿ ರೆಫರಿಯಿಂದ ಸೋತರೆನ್ನಲಾಗದು ಎಂದು. ಈ ಲೆಕ್ಕ ಕಿರಾಣಿ ಅಂಗಡಿಗೆ ಸರಿ, ಬ್ಯಾಸ್ಕೆಟ್‌ಬಾಲಿಗಲ್ಲ. ಮೂರು ಪಾಯಿಂಟ್ ಅಂತರವೆಂದರೆ ಒಂದೇ ಎಸೆತದ ದೂರ. ಮುಂದಿರುವ ತಂಡದ ಕೈ ನಡುಗುತ್ತದೆ, ಹಿಂದಿರುವ ತಂಡ ತನ್ನ ಆಟವನ್ನೇ ಆಡುತ್ತದೆ. ಏಳೆಂದರೆ ಮೂರು ಬಾರಿ ಚೆಂಡು ಬೇಕು, ಅವಸರ ಶುರು. ಗಡಿಯಾರ ನಿಲ್ಲಿಸಲು ಬೇಕೆಂದೇ ಫೌಲ್ ಮಾಡಬೇಕಾಗುತ್ತದೆ, ಅದರಿಂದ ಎದುರಾಳಿಗೆ ಇನ್ನಷ್ಟು ಫ್ರೀ ಥ್ರೋ. ಕೊನೆಯ ಅಂಕಿಯಲ್ಲಿ ಕಾಣುವ ಆರು ಪಾಯಿಂಟ್ ಆ ಅವಸರದ ಬೆಲೆಯನ್ನೂ ಒಳಗೊಂಡಿದೆ. ಕೋಚ್ ಸಿಟ್ಟಿನ ಪಾಲೂ ಅದರಲ್ಲಿದೆ. ಕಾಲಿನ್ಸ್ ಆವೇಶ ನನಗೆ ಅರ್ಥವಾಗುತ್ತದೆ, ಆದರೂ ಆ ನಾಲ್ಕರಲ್ಲಿ ಎರಡು ಪಾಯಿಂಟ್ ಅವರ ಖಾತೆಗೇ ಹೋಗಬೇಕು.

ಪಂದ್ಯ ಮುಗಿದ ಮೇಲೆ ಎನ್‌ಸಿಎಎ ಹೇಳಿಕೆ ಕೊಟ್ಟಿತು. ಕೈ ರಿಂಗಿನೊಳಗಿಂದ ಬಂದದ್ದು ನಿಜ, ಗೋಲ್‌ಟೆಂಡಿಂಗ್ ಕೊಡಬೇಕಿತ್ತು, ಆದರೆ ಇಂಥ ಸಂದರ್ಭದಲ್ಲಿ ವಿಡಿಯೊ ನೋಡಲು ನಿಯಮದಲ್ಲಿ ಅವಕಾಶವಿಲ್ಲ ಎಂದು. ಥರ್ಡ್ ಅಂಪೈರ್ ನೋಡಿ ಬೆಳೆದ ನಮಗೆ ಇದು ವಿಚಿತ್ರ. ಆ ಹೇಳಿಕೆಯಿಂದ ಸ್ಕೋರು ಬದಲಾಗಲಿಲ್ಲ.

ಟೂರ್ನಿಯ ರಚನೆಯೇ ಹಾಗೆ. 68 ತಂಡ, ಒಂದು ಸೋಲು, ಮನೆಗೆ ದಾರಿ. ವೃತ್ತಿಪರ ಎನ್‌ಬಿಎಯ ಪ್ಲೇ-ಆಫ್‌ನಲ್ಲಿ ನಾಲ್ಕು ಪಂದ್ಯ ಗೆದ್ದರಷ್ಟೇ ಮುಂದಿನ ಸುತ್ತು. ಒಂದು ಕೆಟ್ಟ ತೀರ್ಪಿನ ಮರುದಿನವೋ ನಾಡಿದ್ದೋ ಸೇಡು ತೀರಿಸಿಕೊಳ್ಳಬಹುದು. ಕಾಲೇಜಿನಲ್ಲಿ ನಾಡಿದ್ದು ಎಂಬುದೇ ಇಲ್ಲ. ಕೊನೆಯ ವರ್ಷದ ವಿದ್ಯಾರ್ಥಿಗೆ ಮುಂದಿನ ವರ್ಷವೂ ಇಲ್ಲ.

ಗೊನ್ಜಾಗಕ್ಕೇನಾಯಿತು? ಗೆಲ್ಲುತ್ತಾ ಹೋಗಿ ತನ್ನ ಇತಿಹಾಸದಲ್ಲೇ ಮೊದಲ ಬಾರಿ ಫೈನಲ್ ಮುಟ್ಟಿತು. ಎದುರಾಳಿ ನಾರ್ತ್ ಕೆರೊಲೈನ. ಏಪ್ರಿಲ್ 3ರ ರಾತ್ರಿ, ಇನ್ನೊಂದು ನಿಮಿಷವೂ ಉಳಿದಿರಲಿಲ್ಲ, ನಾರ್ತ್ ಕೆರೊಲೈನ ಒಂದೇ ಪಾಯಿಂಟ್ ಮುಂದೆ. ನೆಲದ ಮೇಲೆ ಚೆಂಡಿಗಾಗಿ ಗುದ್ದಾಟ. ರೆಫರಿಗಳು ಇಬ್ಬರೂ ಹಿಡಿದಿದ್ದಾರೆಂದು ತೀರ್ಮಾನಿಸಿ, ಸರದಿಯ ಪ್ರಕಾರ ಚೆಂಡನ್ನು ನಾರ್ತ್ ಕೆರೊಲೈನಕ್ಕೆ ಕೊಟ್ಟರು. ಆ ತಂಡದ ಕೆನಡಿ ಮೀಕ್ಸ್ ಚೆಂಡು ಹಿಡಿದಿದ್ದಾಗ ಅವನ ಒಂದು ಕೈ ಗೆರೆಯಾಚೆ ನೆಲ ಮುಟ್ಟಿದ್ದು ಫೋಟೊಗಳಲ್ಲಿ ಆಮೇಲೆ ಕಂಡಿತು. ಅದನ್ನು ಗಮನಿಸಿದ್ದರೆ ಚೆಂಡು ಗೊನ್ಜಾಗದ್ದು. ಗಮನಿಸಲಿಲ್ಲ. ನಾರ್ತ್ ಕೆರೊಲೈನ ಬುಟ್ಟಿಗೆ ಹಾಕಿತು, 71-65ರಿಂದ ಚಾಂಪಿಯನ್ ಆಯಿತು. ಹದಿನಾರು ದಿನಗಳ ಹಿಂದೆ ಕಾಣದ ಕೈಯಿಂದ ಉಳಿದ ತಂಡ ಮತ್ತೊಂದು ಕಾಣದ ಕೈಯಿಂದ ಪೆಟ್ಟು ತಿಂದಿತು. ಕರ್ಮಫಲ ಎನ್ನುವವರು ಎನ್ನಲಿ. ನನ್ನ ಮಟ್ಟಿಗೆ ಇದು ಮೂರು ಜೊತೆ ಕಣ್ಣು ಹತ್ತು ಹುಡುಗರ ಹಿಂದೆ ಓಡುವ ಆಟದ ಸಹಜ ಲೋಪ.

ಕ್ರಿಸ್ ಕಾಲಿನ್ಸ್ ಮನೆತನಕ್ಕೆ ಈ ನೋವು ಹೊಸದೂ ಅಲ್ಲ. ಅವರ ತಂದೆ ಡಗ್ ಕಾಲಿನ್ಸ್, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರ ತಂಡದಲ್ಲಿದ್ದವರು. ಸೋವಿಯತ್ ಒಕ್ಕೂಟದ ವಿರುದ್ಧದ ಫೈನಲ್‌ನಲ್ಲಿ ಮೂರು ಸೆಕೆಂಡು ಇರುವಾಗ ಎರಡು ಫ್ರೀ ಥ್ರೋ ಹಾಕಿ 50-49 ಮಾಡಿದವರು ಅವರೇ. ಆ ಕೊನೆಯ ಮೂರು ಸೆಕೆಂಡುಗಳನ್ನು ಮತ್ತೆ ಮತ್ತೆ ಆಡಿಸಲಾಯಿತು. ಮೂರನೆಯ ಸಲ ಅಲೆಕ್ಸಾಂಡರ್ ಬೆಲೊವ್ ಬುಟ್ಟಿಗೆ ಹಾಕಿದ, 51-50. ಅಮೆರಿಕದ ಆಟಗಾರರು ಬೆಳ್ಳಿ ಪದಕ ಪಡೆಯಲು ವೇದಿಕೆಗೇ ಬರಲಿಲ್ಲ.

ಎಲ್ಲ ತಪ್ಪುಗಳಿಗೂ ಒಂದೇ ರುಚಿಯಿಲ್ಲ. 2019ರ ಏಪ್ರಿಲ್ 6, ಮಿನಿಯಾಪೊಲಿಸ್, ಸೆಮಿಫೈನಲ್. ಆಬರ್ನ್ ಎರಡು ಪಾಯಿಂಟ್ ಮುಂದೆ. ವರ್ಜೀನಿಯಾದ ಟೈ ಜೆರೋಮ್ ಓಡುತ್ತಿದ್ದಾಗ ಚೆಂಡು ಅವನದೇ ಕಾಲಿಗೆ ತಾಗಿ ತಪ್ಪಿತು. ಎರಡೂ ಕೈಯಲ್ಲಿ ಹಿಡಿದು, ಮತ್ತೆ ಡ್ರಿಬಲ್ ಮಾಡಿದ. ಇದು ಡಬಲ್ ಡ್ರಿಬಲ್, ಶಾಲಾ ಮೈದಾನದಲ್ಲೂ ಪಿ.ಟಿ. ಮೇಷ್ಟ್ರು ಹಿಡಿಯುವ ತಪ್ಪು. ಸೀಟಿಯಿಲ್ಲ. ಅದಾದ ಸ್ವಲ್ಪದರಲ್ಲೇ, 0.6 ಸೆಕೆಂಡು ಉಳಿದಾಗ, ಮೂರು ಪಾಯಿಂಟಿಗೆ ಎಸೆದ ಕೈಲ್ ಗೈ ಮೇಲೆ ಫೌಲ್ ಕೊಟ್ಟರು. ಎದುರಾಳಿ ಅವನ ಇಳಿಯುವ ಜಾಗಕ್ಕೆ ನುಗ್ಗಿದ್ದ, ಆ ತೀರ್ಪು ಸರಿಯಾದದ್ದೇ. ಸುಲಭದ್ದನ್ನು ಬಿಟ್ಟರು, ಎದೆಗಾರಿಕೆ ಬೇಕಾದದ್ದನ್ನು ಹಿಡಿದರು. ಗೈ ಮೂರೂ ಫ್ರೀ ಥ್ರೋ ಹಾಕಿದ, 63-62. ಎರಡು ದಿನದ ನಂತರ ವರ್ಜೀನಿಯಾ ಮೊದಲ ಬಾರಿ ಚಾಂಪಿಯನ್. ಮೊದಲ ಸಲ ಅಷ್ಟು ದೂರ ಬಂದಿದ್ದ ಆಬರ್ನ್ ಮತ್ತೆ ಸೆಮಿಫೈನಲ್ ಕಂಡದ್ದು 2025ರಲ್ಲಿ. ಆದರೆ ಆ ಪಂದ್ಯದಲ್ಲೂ ಕೇವಲ ಕೊನೆಯ ಐದು ಸೆಕೆಂಡು ನೋಡಬೇಡಿ. ಆಬರ್ನ್ ಅದಕ್ಕೂ ಮುನ್ನ ಹತ್ತು ಪಾಯಿಂಟ್ ಹಿಂದಿನಿಂದ ಸತತ ಹದಿನಾಲ್ಕು ಗಳಿಸಿತ್ತು. ಅದನ್ನು ನೋಡದವರಿಗೆ ಆ ಸಂಕಟದ ಆಳ ತಿಳಿಯುವುದಿಲ್ಲ.

ಇವೆಲ್ಲ ಟಿವಿ ಎದುರು ದೇಶವೇ ಕೂತ ದಿನಗಳು. ಜನವರಿಯ ಯಾವುದೋ ಬುಧವಾರ ರಾತ್ರಿಯ ಪಂದ್ಯದಲ್ಲಿ ಬಿಟ್ಟುಹೋದ ಸೀಟಿಯ ಸುದ್ದಿ ಯಾರಿಗೂ ಬೇಡ. ಆದರೆ ಸೀಸನ್ನಿನ ಹಣೆಬರಹ ಬರೆಯುವುದರಲ್ಲಿ ಅದರದೂ ಪಾಲಿದೆ. ನವೆಂಬರಿನಿಂದ ಮಾರ್ಚ್‌ವರೆಗೆ ತಂಡವೊಂದು ಆಡುವುದು ಸುಮಾರು ಮೂವತ್ತು ಪಂದ್ಯ. ಲೀಗ್ ಚಾಂಪಿಯನ್ನರಿಗೆ ಟೂರ್ನಿಗೆ ನೇರ ಪ್ರವೇಶ. ಉಳಿದವರನ್ನು ಮಾರ್ಚ್‌ನ ಒಂದು ಭಾನುವಾರ ಸಮಿತಿಯೊಂದು ಆರಿಸುತ್ತದೆ. ಯಾರನ್ನು, ಎಲ್ಲಿ, ಎಷ್ಟು ಅಂತರದಿಂದ ಸೋಲಿಸಿದಿರಿ ಎಂದು ಅಳೆದು ತೂಗುತ್ತಾರೆ. ಸೋಲು ಎಂದು ಬರೆದ ಕಡೆ ‘ರೆಫರಿಯ ತಪ್ಪಿನಿಂದ’ ಎಂದು ಷರಾ ಬರೆಯುವ ಕಾಲಂ ಆ ಹಾಳೆಯಲ್ಲಿಲ್ಲ. ಬಾಗಿಲಲ್ಲಿ ನಿಂತ ತಂಡಕ್ಕೆ ಅಂಥ ಒಂದು ಸೋಲು ಒಳಗೋ ಹೊರಗೋ ಎಂಬುದನ್ನೇ ತೀರ್ಮಾನಿಸಬಹುದು.

ನಿಯಮಗಳು ನಿಧಾನವಾಗಿ ಬದಲಾಗುತ್ತಿವೆ. 2025-26ರ ಸೀಸನ್ನಿನಿಂದ ಪುರುಷರ ಪಂದ್ಯಗಳಲ್ಲಿ ಟೈಮ್‌ಔಟ್ ಉಳಿಸಿಕೊಂಡ ಕೋಚ್ ಕೆಲವು ತೀರ್ಪುಗಳನ್ನು ಪ್ರಶ್ನಿಸಬಹುದು. ಗೆರೆ ದಾಟಿದ ಚೆಂಡು, ಗೋಲ್‌ಟೆಂಡಿಂಗ್ ಆ ಪಟ್ಟಿಯಲ್ಲಿವೆ. ಡಬಲ್ ಡ್ರಿಬಲ್ ಇಲ್ಲ. ಎಲ್ಲವನ್ನೂ ವಿಡಿಯೊಗೆ ಒಪ್ಪಿಸಿದರೆ ನಲವತ್ತು ನಿಮಿಷದ ಆಟ ಮುಗಿಯುವಾಗ ಬೆಳಗಾದೀತು. ಅಷ್ಟು ಬೇಡ ಎಂಬುದು ನನ್ನ ಮತ.

ಹೇಗೆ ನೋಡುವುದೆಂದರೆ, ಯೂಟ್ಯೂಬಿನಲ್ಲಿ ನಾರ್ತ್‌ವೆಸ್ಟರ್ನ್-ಗೊನ್ಜಾಗ ಪಂದ್ಯದ ಆ ತುಣುಕನ್ನು ತೆಗೆಯಿರಿ. ಮೊದಲು ಧ್ವನಿ ಮುಚ್ಚಿ ನೋಡಿ. ವಿವರಣೆಕಾರರ ಕೂಗಿಲ್ಲದೆ ಆ ಕೈ ನಿಮಗೆ ಮೊದಲ ಸಲಕ್ಕೇ ಕಾಣುತ್ತದೆಯೇ ಪರೀಕ್ಷಿಸಿಕೊಳ್ಳಿ. ಎರಡನೆಯ ಸಲ ಪಟ್ಟೆ ಅಂಗಿಯವರನ್ನು ಮಾತ್ರ ನೋಡಿ. ಮೂರನೆಯ ಸಲ ಕೋಚ್ ಕಾಲಿನ್ಸ್ ಅವರನ್ನು.

ಕಾಲಿನ್ಸ್ 2023ರಲ್ಲಿ ನಾರ್ತ್‌ವೆಸ್ಟರ್ನನ್ನು ಮತ್ತೆ ಟೂರ್ನಿಗೆ ಕರೆತಂದರು. ಮೊದಲ ಸುತ್ತು ಗೆದ್ದು, ಎರಡನೆಯದರಲ್ಲಿ ಯುಸಿಎಲ್‌ಎ ಎದುರು 68-63ರಿಂದ ಸೋತರು. ಆ ಸೋಲಿಗೆ ರೆಫರಿಯನ್ನು ದೂರುವವರನ್ನು ನಾನಿನ್ನೂ ಕಂಡಿಲ್ಲ.